ಕೊಂಬಿನ ಹಿಡಿಯ ಬೇಟೆಕತ್ತಿ

ಕೊಂಬಿನ ಹಿಡಿಯ ಬೇಟೆಕತ್ತಿಯು ಉಕ್ಕಿನ ಗಿಡ್ಡ ಅಲಗಿಗೆ ಪ್ರಾಣಿಯ ಕೊಂಬನ್ನು ಹಿಡಿಯಾಗಿ ಜೋಡಿಸಿ ಕೈಯಿಂದ ತಯಾರಿಸುವ ಕತ್ತಿ. ಬೇಟೆಯಾಡಿದ ಪ್ರಾಣಿಯ ತೊಗಲು ಸುಲಿಯಲು, ಮಾಂಸ ಕೊಯ್ಯಲು ಇದು ಬಳಕೆಯಲ್ಲಿತ್ತು. ಕರ್ನಾಟಕದಲ್ಲಿ ಕೊಡವರ ಪೀಚೆಕತ್ತಿಯು ಇದಕ್ಕೆ ಹತ್ತಿರದ ಆಯುಧ.

ಹಿನ್ನೆಲೆ

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1954ರಲ್ಲಿ ಬಿ. ಕೆ. ಥಾಪರ್ ಅವರು ಉತ್ಖನನ ನಡೆಸಿದರು. ಅಲ್ಲಿನ ಕೆಳಸ್ತರದಲ್ಲಿ ಕಲ್ಲಿನ ಅಲಗುಗಳೂ ಅದರ ಮೇಲಿನ ಬೃಹತ್ ಶಿಲಾ ಸಂಸ್ಕೃತಿಯ ಸ್ತರದಲ್ಲಿ ಕಬ್ಬಿಣದ ವಸ್ತುಗಳೂ ದೊರೆತವು. ಹೀಗೆ ಈ ಪ್ರದೇಶದಲ್ಲಿ ಅಲಗು ಕಲ್ಲಿನಿಂದ ಕಬ್ಬಿಣಕ್ಕೆ ಸಾಗಿದ ಹಾದಿಯು ಒಂದೇ ನೆಲೆಯಲ್ಲಿ ಕಾಣಸಿಗುತ್ತದೆ.

ಕೊಡಗಿನಲ್ಲಿ ಪುರುಷರು ಕುಪ್ಯದ ಮೇಲೆ ಕಟ್ಟುವ ಚೇಲೆ ಎಂಬ ನಡುಪಟ್ಟಿಗೆ ಪೀಚೆಕತ್ತಿಯನ್ನು ಸಿಕ್ಕಿಸಿಕೊಳ್ಳುತ್ತಾರೆ. ಅದರ ಹಿಡಿಗೆ ಮರ, ಬೆಳ್ಳಿ ಹಾಗೂ ಕೆಲವೊಮ್ಮೆ ಜಿಂಕೆಯ ಕೊಂಬನ್ನು ಬಳಸಿರುವುದುಂಟು. ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೈಲ್ ಮುಹೂರ್ತ ಹಬ್ಬದಂದು ಆಯುಧಗಳನ್ನು ಪೂಜಿಸಲಾಗುತ್ತದೆ.

ಕೊಂಬಿನ ಬಗೆಗಳು

ಕನ್ನಡದ ‘ಕೊಂಬು’ ಎಂಬ ಒಂದೇ ಪದವು ಎರಡು ಭಿನ್ನ ವಸ್ತುಗಳನ್ನು ಸೂಚಿಸುತ್ತದೆ. ಕಡವೆ, ಚುಕ್ಕೆಜಿಂಕೆಗಳ ಕವಲೊಡೆದ ಕೊಂಬು ವಾಸ್ತವವಾಗಿ ಮೂಳೆ. ಅದು ಗಂಡಿಗೆ ಮಾತ್ರ ಮೂಡಿ, ಉದುರಿ, ಮತ್ತೆ ಬೆಳೆಯುತ್ತದೆ. ಎಮ್ಮೆ, ಹಸು, ಕೃಷ್ಣಮೃಗಗಳ ಕೊಂಬು ಉಗುರಿನಂತೆ ಕೆರಾಟಿನ್‌ನಿಂದಾಗಿದ್ದು, ಉದುರುವುದಿಲ್ಲ. ಬಿಸಿ ಮಾಡಿದರೆ ಈ ಎರಡನೆಯ ಬಗೆಯು ಬಾಗುತ್ತದೆ. ಜಿಂಕೆಯ ಕೊಂಬನ್ನು ಹಾಗೆ ಬಾಗಿಸಲಾಗದು. ಜಿಂಕೆಯ ಕೊಂಬಿನ ಹೊರಮೈ ಒರಟಾಗಿರುವುದರಿಂದ ಒದ್ದೆ ಕೈಗೂ ಹಿಡಿತ ಸಿಗುತ್ತದೆ.

ತಯಾರಿಕೆ

ಅಲಗಿಗೆ ಇಂಗಾಲಾಂಶ ಹೆಚ್ಚಿರುವ ಉಕ್ಕು ಬೇಕು. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಕಮ್ಮಾರರು ಇದಕ್ಕೆ ಬಳಸುವುದುಂಟು. ಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು ಅಲಗಿನ ಆಕಾರಕ್ಕೆ ತಂದು, ಹಿಡಿಯೊಳಗೆ ಸೇರಬೇಕಾದ ಕಿರಿದಾದ ಬಾಲವನ್ನು ಬಿಡುತ್ತಾರೆ. ಅರದಿಂದ ಉಜ್ಜಿ ಸಮಗೊಳಿಸಿದ ಬಳಿಕ ಅಲಗನ್ನು ಅಯಸ್ಕಾಂತಕ್ಕೆ ಅಂಟದಷ್ಟು, ಅಂದರೆ ಸುಮಾರು 800 ಡಿಗ್ರಿ ಸೆಲ್ಸಿಯಸ್‌ವರೆಗೆ, ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಾರೆ. ಇದರಿಂದ ಉಕ್ಕು ಗಡುಸಾದರೂ ಗಾಜಿನಂತೆ ಪೆಡಸಾಗುತ್ತದೆ. ಆದ್ದರಿಂದ ಮತ್ತೆ ಸುಮಾರು 200 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿ ಹದಗೊಳಿಸುತ್ತಾರೆ.

ಜಿಂಕೆಯ ಕೊಂಬಿನ ಒಳತಿರುಳು ಸ್ಪಂಜಿನಂತೆ ಸಡಿಲವಾಗಿರುತ್ತದೆ. ಅದನ್ನು ಕೊರೆದು, ಅರಗು ತುಂಬಿ, ಬಾಲವನ್ನು ಒಳಸೇರಿಸಿ, ಅಡ್ಡ ಮೊಳೆಯಿಂದ ಬಿಗಿಯುತ್ತಾರೆ. ಈಗ ಅರಗಿನ ಬದಲು ಎಪಾಕ್ಸಿ ಅಂಟನ್ನು ಬಳಸುವುದು ಸಾಮಾನ್ಯ. ಕೊಂಬು ಕೊರೆಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಹಾನಿಕರವಾದ್ದರಿಂದ ಮುಖಗವಸು ಅಗತ್ಯ.

ಕಾನೂನು

ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಪ್ರಕಾರ ಭಾರತದಲ್ಲಿ ಜಿಂಕೆ, ಕಡವೆ, ಕೃಷ್ಣಮೃಗಗಳ ಬೇಟೆ ನಿಷಿದ್ಧ. ಕಾಡಿನಲ್ಲಿ ತಾನಾಗಿ ಉದುರಿದ ಕೊಂಬನ್ನು ಆಯ್ದು ತರುವುದೂ ಅನುಮತಿಯಿಲ್ಲದೆ ಮಾರುವುದೂ ಅಪರಾಧ. ಆ ಕಾರಣ ಹಿಡಿಗೆ ಸಾಕುಪ್ರಾಣಿಯಾದ ಎಮ್ಮೆಯ ಕೊಂಬು ಅಥವಾ ಗಟ್ಟಿಮರವೇ ಸೂಕ್ತ ಪರ್ಯಾಯ.