ಬಿಸಿ ಕದಿಯುವ ಜಾಲರಿ

ಇಂಗ್ಲೆಂಡಿನ ಈಶಾನ್ಯದಲ್ಲಿರುವ ಫೆಲ್ಲಿಂಗ್ ಕಲ್ಲಿದ್ದಲ ಗಣಿಯಲ್ಲಿ 1812ರ ಮೇ 25ರಂದು ನಡೆದ ಸ್ಫೋಟಕ್ಕೆ 92 ಮಂದಿ ಬಲಿಯಾದರು. ಅವರಲ್ಲಿ ಎಳೆಯ ಹುಡುಗರೂ ಇದ್ದರು. ಕಲ್ಲಿದ್ದಲ ಪದರಗಳಿಂದ ಒಸರುವ ಮೀಥೇನ್ ಅನಿಲ ಗಾಳಿಯಲ್ಲಿ ನೂರಕ್ಕೆ 5ರಿಂದ 15 ಪಾಲು ಬೆರೆತಿದ್ದರೆ ಒಂದು ಕಿಡಿ ಸಾಕು. ಆದರೆ ದೀಪವಿಲ್ಲದೆ ಗಣಿಯೊಳಗೆ ಕೆಲಸ ಸಾಗದು. 1815ರಲ್ಲಿ ರಸಾಯನವಿಜ್ಞಾನಿ ಹಂಫ್ರಿ ಡೇವಿ ಈ ಗಂಟನ್ನು ಬಿಡಿಸಿದ್ದು ಒಂದು ಸರಳ ಸತ್ಯವನ್ನು ಹಿಡಿದು: ಉರಿ ಬದುಕುವುದು ತನ್ನದೇ ಬಿಸಿಯಿಂದ, ಆ ಬಿಸಿಯನ್ನು ಬೇಗ ಕಸಿದುಕೊಂಡರೆ ಅದು ನಂದಿಹೋಗುತ್ತದೆ. ಗಣಿಗಳವರು ದೀಪವನ್ನು ಇಟ್ಟುಕೊಂಡು ಈ ಸತ್ಯವನ್ನು ಕೈಬಿಟ್ಟದ್ದಕ್ಕೆ ಕಾರ್ಮಿಕರು ಜೀವ ತೆತ್ತರೆಂಬುದು ನನ್ನ ವಾದ.

ಡೇವಿಯ ದೀಪವೆಂದರೆ ಎಣ್ಣೆ ತುಂಬಿದ ಪುಟ್ಟ ಬುಡ್ಡಿ, ಒಂದು ಬತ್ತಿ, ಅದರ ಸುತ್ತ ಕೊಳವೆಯಾಕಾರದ ತಂತಿ ಜಾಲರಿ. ಜಾಲರಿಗೆ ಅಂಗುಲಕ್ಕೆ 28 ಕಣ್ಣು, ಎಂದರೆ ಚದರ ಅಂಗುಲಕ್ಕೆ 784. ಗಾಳಿಯ ಜೊತೆ ಮೀಥೇನೂ ಒಳಗೆ ಬರುತ್ತದೆ, ಬತ್ತಿಯ ಉರಿಯ ಮೇಲೆ ಮಸುಕಾದ ನೀಲಿ ಟೋಪಿಯೊಂದು ಕಾಣಿಸಿಕೊಳ್ಳುತ್ತದೆ. ಉರಿ ಹೊರಕ್ಕೆ ನುಗ್ಗಲು ಬಂದು ಜಾಲರಿಗೆ ತಾಗಿದೊಡನೆ ತಂತಿ ಅದರ ಬಿಸಿಯನ್ನು ಹೀರಿ ಸುತ್ತಲೂ ಹಂಚಿಬಿಡುತ್ತದೆ. ಆಚೆಗಿನ ಅನಿಲ ಹೊತ್ತಿಕೊಳ್ಳಲು ಐದಾರುನೂರು ಡಿಗ್ರಿಯಾದರೂ ಬೇಕು. ಅಷ್ಟು ಬಿಸಿ ಅಲ್ಲಿ ಉಳಿದಿರುವುದಿಲ್ಲ. ಬಿಸಿ ನಾಶವಾಗಿಲ್ಲ, ಚದುರಿದೆ. ಚದುರಿದ ಬಿಸಿ ತಾನಾಗಿ ಮರಳಿ ಒಂದೆಡೆ ಕೂಡುವುದಿಲ್ಲ. ಈ ಹಿಂತಿರುಗದ ನಡೆಯ ಅಳತೆಗೆ ಭೌತವಿಜ್ಞಾನಿ ಕ್ಲಾಸಿಯಸ್ 'ಎಂಟ್ರೊಪಿ' ಎಂದು ಹೆಸರಿಟ್ಟದ್ದು 1865ರಲ್ಲಿ. ಹೆಸರಿಗಿಂತ ಅರ್ಧ ಶತಮಾನ ಮೊದಲೇ ಗಣಿಯ ಕತ್ತಲಲ್ಲಿ ಅದು ಜೀವ ಕಾಯುತ್ತಿತ್ತು.

ಸಿದ್ಧಾಂತದ ಹಂಗಿಲ್ಲದೆಯೂ ದೀಪ ಮಾಡಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಕಿಲ್ಲಿಂಗ್‌ವರ್ತ್ ಗಣಿಯ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಜಾರ್ಜ್ ಸ್ಟೀಫನ್‌ಸನ್ ಅದೇ 1815ರಲ್ಲಿ, ಅನುಭವದ ಬಲದಿಂದಲೇ, ತನ್ನ ದೀಪವನ್ನು ಮಾಡಿ ಗಣಿಯೊಳಗೆ ಸ್ವತಃ ಪರೀಕ್ಷಿಸಿದ. ಆ ಸಾಹಸಕ್ಕೆ ನನ್ನ ಗೌರವವಿದೆ. ಆದರೆ ದೀಪ ಎಲ್ಲಿ ಕೈಕೊಡುತ್ತದೆಂದು ಮೊದಲೇ ಹೇಳಬೇಕಾದರೆ ಕಾರಣ ಗೊತ್ತಿರಬೇಕು. ಜೋರು ಗಾಳಿ ಬೀಸಿದರೆ ಉರಿ ವಾಲಿ ಜಾಲರಿಯ ಒಂದೇ ಕಡೆಗೆ ಒತ್ತಿಕೊಳ್ಳುತ್ತದೆ, ತಂತಿ ಕೆಂಪಗೆ ಕಾಯುತ್ತದೆ. ಕಾದ ತಂತಿ ಇನ್ನು ಬಿಸಿ ಹೀರಲಾರದು, ಉರಿ ಹೊರಬೀಳುತ್ತದೆ. ಗಾಳಿಯ ಸೆಳೆತದ ಈ ಅಪಾಯ ಡೇವಿಗೂ ತಿಳಿದಿತ್ತು. ಆದರೂ ಅನಿಲದ ಭಯಕ್ಕೆ ಬಿಟ್ಟುಬಂದಿದ್ದ ಪದರಗಳನ್ನು ದೀಪದ ಭರವಸೆಯಲ್ಲಿ ಮತ್ತೆ ತೋಡಿದರು. 1835ರ ಸಂಸದೀಯ ಸಮಿತಿಯ ಮುಂದೆ ಬಂದ ಲೆಕ್ಕ ಕಟುವಾಗಿತ್ತು: ಡರ್ಹ್ಯಾಮ್ ಮತ್ತು ನಾರ್ತಂಬರ್ಲೆಂಡ್ ಗಣಿಗಳಲ್ಲಿ ದೀಪ ಬರುವ ಮುಂಚಿನ 18 ವರ್ಷಗಳಲ್ಲಿ 447 ಸಾವು, ಬಂದ ನಂತರದ 18 ವರ್ಷಗಳಲ್ಲಿ 538.

ಗಣಿಗಾರಿಕೆಯೇ ಬೆಳೆದಿತ್ತು, ಆದ್ದರಿಂದ ದೀಪವನ್ನು ದೂರುವುದು ತಪ್ಪು ಎನ್ನಬಹುದು. ಆ ಮಾತು ನಿಜ, ಆದರೆ ಅಲ್ಲಿಗೆ ನಿಲ್ಲಬಾರದು. ಆ ಬೆಳವಣಿಗೆಯ ಒಂದು ಪಾಲು ದೀಪದಿಂದಲೇ ಸಾಧ್ಯವಾದದ್ದು, ಮತ್ತು ದೀಪವಿದೆಯೆಂಬ ನೆಚ್ಚಿಕೆಯಲ್ಲಿ ಗಣಿಯ ಗಾಳಿ ವ್ಯವಸ್ಥೆಯನ್ನು ಸುಧಾರಿಸುವ ಕೆಲಸ ಹಿಂದೆ ಬಿತ್ತು. ಮುಂದೆ ಬಂದ ಮಾರ್ಸೋ ದೀಪದಲ್ಲಿ ಒಂದರೊಳಗೊಂದು ಜಾಲರಿಗಳು, ಅವುಗಳಿಗೆ ಗಾಳಿ ಬಡಿಯದಂತೆ ಹೊರಗೊಂದು ಲೋಹದ ಕವಚ. ಗಣಿಯ ಆಯಾ ಭಾಗದಲ್ಲಿ ಸಾಮಾನ್ಯವಾಗಿ ಬೀಸುವ ಗಾಳಿಗೆ ಎದುರಾಗಿ ಒಯ್ದರೂ ದೀಪ ಸುರಕ್ಷಿತವಾಗಿರಬೇಕೆಂದು ಬ್ರಿಟಿಷ್ ಕಾನೂನು ವಿಧಿಸಿದ್ದು 1887ರಲ್ಲಿ, ಡೇವಿಯ ದೀಪ ಬಂದು 72 ವರ್ಷಗಳಾದ ಮೇಲೆ.