ಸತ್ಯವೇದದ ಸಾಹಿತ್ಯ ವಿಮರ್ಶೆ: ಅಧಿಕಾರವೂ ಉದ್ದೇಶವೂ

ಸತ್ಯವೇದದ ಅಧ್ಯಯನದಲ್ಲಿ ‘ಸಾಹಿತ್ಯ ವಿಮರ್ಶೆ’ ಎಂಬುದು ಎರಡು ಕಾರ್ಯಗಳಿಗೆ ಹೆಸರಾಗಿದೆ: ಗ್ರಂಥದ ಹಿಂದಿರುವ ಮೂಲಗಳನ್ನು ಬೇರ್ಪಡಿಸುವುದು ಮತ್ತು ಕೈಯಲ್ಲಿರುವ ಗ್ರಂಥವನ್ನು ಸಾಹಿತ್ಯಕೃತಿಯಾಗಿ ಓದುವುದು. ಎರಡಕ್ಕೂ 1753ನೆಯ ವರ್ಷವು ಮುಖ್ಯವಾದುದು. ಆ ವರ್ಷ ಫ್ರೆಂಚ್ ವೈದ್ಯರಾದ ಝಾನ್ ಆಸ್ಟ್ರುಕ್ ಅವರು ದೇವರ ನಾಮಗಳ ವ್ಯತ್ಯಾಸವನ್ನು ಆಧರಿಸಿ ಆದಿಕಾಂಡದ ಮೂಲಗಳನ್ನು ವಿಂಗಡಿಸಿದ ಗ್ರಂಥವನ್ನು ಹೆಸರು ಸೂಚಿಸದೆ ಪ್ರಕಟಿಸಿದರು. ಅದೇ ವರ್ಷ ರಾಬರ್ಟ್ ಲೌತ್ ಅವರು ಆಕ್ಸ್‌ಫರ್ಡಿನಲ್ಲಿ ಇಬ್ರಿಯ ಕಾವ್ಯವನ್ನು ಕುರಿತು ನೀಡಿದ್ದ ಉಪನ್ಯಾಸಗಳನ್ನು ಅಚ್ಚುಮಾಡಿಸಿ, ಸಾಲುಗಳ ಸಮಾಂತರತೆಯನ್ನು ವಿವರಿಸಿದರು.

ಆಸ್ಟ್ರುಕ್ ಅವರ ಉದ್ದೇಶವು ಮೋಶೆಯ ಕರ್ತೃತ್ವವನ್ನು ಸಮರ್ಥಿಸುವುದಾಗಿತ್ತು. ಮೋಶೆಯು ಪುರಾತನ ದಾಖಲೆಗಳನ್ನು ಬಳಸಿದನೆಂದು ಅವರು ವಾದಿಸಿದರು. ಆದರೆ ಮುಂದಿನ ಶತಮಾನದಲ್ಲಿ ಅದೇ ವಿಧಾನವು ಬೇರೆಯೇ ನಿರ್ಣಯಕ್ಕೆ ಒಯ್ದಿತು. 1878ರಲ್ಲಿ ಯೂಲಿಯಸ್ ವೆಲ್‌ಹೌಸೆನ್ ಅವರು ಯಾಜಕಧರ್ಮದ ವಿಧಿಗಳು ಮಹಾಪ್ರವಾದಿಗಳಿಗಿಂತ ಈಚಿನವು ಎಂದು ಪ್ರತಿಪಾದಿಸಿದರು. ವಿಮರ್ಶೆಯು ತನ್ನ ಅಧಿಕಾರವನ್ನು ಈಗ ಸಭೆಯ ವಿಶ್ವಾಸಪ್ರಮಾಣದಿಂದಲ್ಲ, ಐತಿಹಾಸಿಕ ವಿಧಾನದಿಂದ ಪಡೆಯುತ್ತಿತ್ತು.

1882ರಲ್ಲಿ ವೆಲ್‌ಹೌಸೆನ್ ಅವರು ಗ್ರೈಫ್ಸ್‌ವಾಲ್ಡಿನ ದೈವಶಾಸ್ತ್ರ ಪೀಠವನ್ನು ಬಿಟ್ಟುಕೊಟ್ಟರು. ತಮ್ಮ ಬೋಧನೆಯು ವಿದ್ಯಾರ್ಥಿಗಳನ್ನು ಸಭೆಯ ಸೇವೆಗೆ ಸಿದ್ಧಗೊಳಿಸುವ ಬದಲು ಅನರ್ಹರನ್ನಾಗಿಸುತ್ತಿದೆ ಎಂಬುದು ಅವರು ಕೊಟ್ಟ ಕಾರಣ. ತಮ್ಮ ನಿರ್ಣಯಗಳನ್ನು ಅವರು ಹಿಂತೆಗೆದುಕೊಳ್ಳಲಿಲ್ಲ. ವಿಮರ್ಶೆಯ ಗುರಿಯೂ ಸಭಾಸೇವೆಯ ಗುರಿಯೂ ಅಗಲಿವೆಯೆಂದು ಒಪ್ಪಿಕೊಂಡರು.

ಇಪ್ಪತ್ತನೆಯ ಶತಮಾನದಲ್ಲಿ ಲೌತ್ ಅವರ ದಾರಿಯು ಮತ್ತೆ ತೆರೆಯಿತು. 1981ರಲ್ಲಿ ರಾಬರ್ಟ್ ಆಲ್ಟರ್ ಅವರು ಆದಿಕಾಂಡದ 38ನೆಯ ಅಧ್ಯಾಯವನ್ನು ಉದಾಹರಣೆಯಾಗಿ ತೆಗೆದುಕೊಂಡರು. ಯೋಸೇಫನ ಚರಿತ್ರೆಯ ನಡುವೆ ಸೇರಿಸಿದ ತುಂಡೆಂದು ಅನೇಕ ವಿದ್ವಾಂಸರು ಅದನ್ನು ಬದಿಗಿರಿಸಿದ್ದರು. ಆದರೆ ಯೋಸೇಫನ ಅಂಗಿಯನ್ನು ಗುರುತಿಸೆಂದು ಯಾಕೋಬನಿಗೆ ಅವನ ಮಕ್ಕಳು ಹೇಳುವ ಕ್ರಿಯಾಪದವೇ, ಮುದ್ರೆಯನ್ನು ಗುರುತಿಸೆಂದು ತಾಮಾರಳು ಯೆಹೂದನಿಗೆ ಹೇಳುವಾಗಲೂ ಬರುತ್ತದೆ. ವಂಚಿಸಿದವನು ತಾನೇ ವಂಚಿತನಾಗಿ, ಅವಳೇ ನೀತಿವಂತಳೆಂದು ಒಪ್ಪುತ್ತಾನೆ. ಈ ಕೊಂಡಿಯನ್ನು ಪ್ರಾಚೀನ ಯೆಹೂದ್ಯ ಮಿದ್ರಾಷ್ ಆಗಲೇ ಗಮನಿಸಿತ್ತು.

ಹಾಗೆಂದು ಎರಡನೆಯ ವಿಮರ್ಶೆಯು ಮೊದಲನೆಯದನ್ನು ರದ್ದುಪಡಿಸುವುದಿಲ್ಲ. ಕಥನದ ಸೊಗಸನ್ನು ಹೊಗಳಿ, ಅದು ಯಾವಾಗ, ಯಾರಿಂದ, ಏಕೆ ರಚಿತವಾಯಿತೆಂಬ ಪ್ರಶ್ನೆಯಿಂದ ನುಣುಚಿಕೊಳ್ಳುವ ಬೋಧಕನು ಸಭೆಗೆ ಅರ್ಧ ಸತ್ಯವನ್ನೇ ನೀಡುತ್ತಾನೆ. ಮೂಲಗಳನ್ನು ಬಿಡಿಸಿಟ್ಟು ಅಲ್ಲಿಗೇ ನಿಲ್ಲುವವನಿಗೆ ಭಾನುವಾರ ಓದಿ ಹೇಳಲು ವಾಕ್ಯವೇ ಉಳಿಯುವುದಿಲ್ಲ. ವೆಲ್‌ಹೌಸೆನ್ ಅವರು ಪೀಠವನ್ನು ಬಿಟ್ಟು ಪ್ರಾಮಾಣಿಕರಾಗಿ ಉಳಿದರು; ಪೀಠದಲ್ಲಿದ್ದುಕೊಂಡೇ ಪ್ರಾಮಾಣಿಕರಾಗಿರುವುದು ಇಂದಿನ ಬೋಧಕರ ಪಾಲಿಗೆ ಬಂದಿರುವ ಕಷ್ಟತರವಾದ ಹೊಣೆ.