ಹಾಕಿಸೋದಾ, ಬದಲಿಸೋದಾ? ಲಾರಿ ಟೈರಿನ ಒಂದು ಹಳೇ ಲೆಕ್ಕ

ಹೋದ ದೀಪಾವಳಿಗೆ ಮುಂಬಯಿಯಿಂದ ಊರಿಗೆ ಹೊರಟಿದ್ದೆವು. ಕರಾಡ ದಾಟಿ ಚಹಾಕ್ಕೆಂದು ನಿಂತ ಜಾಗದ ಪಕ್ಕದಲ್ಲೇ ಒಂದು ಪಂಕ್ಚರ್ ಅಂಗಡಿ. ಕೆಎ ನಂಬರಿನ ಹತ್ತು ಗಾಲಿಯ ಲಾರಿಯೊಂದು ಜಾಕ್ ಮೇಲೆ ನಿಂತಿತ್ತು. ಡ್ರೈವರ್ ಮೊಬೈಲಿನಲ್ಲಿ ಮಾಲೀಕರೊಡನೆ ಜೋರಾಗಿ ಮಾತಾಡುತ್ತಿದ್ದ. "ಮೊಳಿ ಹೊಕ್ಕೈತ್ರೀ ಸಾವ್ಕಾರ್ರ. ಪಂಕ್ಚರ್ ಹಾಕಸಲೋ, ಬ್ಯಾರೆ ಟೈರ್ ತಗೊಳ್ಳಲೋ, ನೀವ ಹೇಳ್ರಿ."

ನನ್ನ ಹೆಂಡತಿ ನನ್ನ ಮುಖ ನೋಡಿ ನಕ್ಕಳು. ಇನ್ನು ಅರ್ಧ ಗಂಟೆ ಇಲ್ಲಿಂದ ಈ ಮನುಷ್ಯ ಕದಲುವುದಿಲ್ಲ ಅಂತ ಅವಳಿಗೆ ಗೊತ್ತು! ಏನು ಮಾಡೋದು, ಮಸ್ಜಿದ್ ಬಂದರಿನ ಟ್ರಾನ್ಸ್‌ಪೋರ್ಟ್ ಆಫೀಸೊಂದರಲ್ಲಿ ವರ್ಷಗಟ್ಟಲೆ ಟೈರ್ ರಿಜಿಸ್ಟರ್ ಬರೆದವನು ನಾನು. ಯಾವ ಟೈರು ಯಾವ ಗಾಡಿಗೆ, ಯಾವ ಗಾಲಿಗೆ, ಎಷ್ಟು ಕಿಲೋಮೀಟರ್ ಓಡಿತು, ಎಷ್ಟು ಸಲ ಪಂಕ್ಚರ್, ಯಾವಾಗ ರಿಮೋಲ್ಡ್.. ಇದೇ ನನ್ನ ಕೆಲಸ. ಆ ಡ್ರೈವರನ ಪ್ರಶ್ನೆ ನನಗೆ ಹೊಸದಲ್ಲ. ನಿಜ ಹೇಳಬೇಕೆಂದರೆ ಅದು ಗಾಳಿ ತುಂಬಿದ ಟೈರಿನಷ್ಟೇ ಹಳೆಯ ಪ್ರಶ್ನೆ.

ಗಾಳಿ ಟೈರಿಗೆ ಮೊದಲು ಪೇಟೆಂಟ್ ಪಡೆದವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್, 1845ರಲ್ಲಿ. ಆಗಿನ್ನೂ ಸೈಕಲ್ಲೂ ಇಲ್ಲ, ಮೋಟಾರೂ ಇಲ್ಲ. ಕುದುರೆಗಾಡಿಯ ಗಾಲಿಗೆ ಹಾಕಿ ತೋರಿಸಿದ. ಜನ ಮೆಚ್ಚಿ ಮರೆತುಬಿಟ್ಟರು. 1888ರಲ್ಲಿ ಬೆಲ್‌ಫಾಸ್ಟಿನ ದನದ ಡಾಕ್ಟರ್ ಜಾನ್ ಬಾಯ್ಡ್ ಡನ್‌ಲಪ್, ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ ಮಾಡಿದ ಟೈರಿಗೆ ಪೇಟೆಂಟ್ ಪಡೆದ. ಸೈಕಲ್ ಸವಾರರು ಮುಗಿಬಿದ್ದರು. ಆದರೆ ಒಂದು ತೊಂದರೆ. ಆ ಟೈರನ್ನು ಗಾಲಿಗೆ ಅಂಟಿಸಿರುತ್ತಿದ್ದರು. ಮುಳ್ಳು ಚುಚ್ಚಿತೋ, ಮುಗಿಯಿತು ಕತೆ.

ಹಾಗೆ ಪಂಕ್ಚರಾದ ಸೈಕಲ್ಲೊಂದು ಫ್ರಾನ್ಸಿನ ಕ್ಲೆರ್ಮೋ ಫೆರಾಂ ಊರಿನಲ್ಲಿದ್ದ ಮಿಶೆಲಿನ್ ಸಹೋದರರ ಕಾರ್ಖಾನೆಗೆ ಬಂತು. ಕಿತ್ತು ರಿಪೇರಿ ಮಾಡಲು ಮೂರು ಗಂಟೆ, ಅಂಟು ಒಣಗಲು ಒಂದು ಇಡೀ ರಾತ್ರಿ. ಬೆಳಿಗ್ಗೆ ಎದುವಾರ್ ಮಿಶೆಲಿನ್ ಹತ್ತಿ ಓಡಿಸಿದರೆ ಸ್ವಲ್ಪ ದೂರದಲ್ಲೇ ಮತ್ತೆ ಗಾಳಿ ಹೋಯಿತು! ಬೇರೆ ಯಾರಾದರೂ ಆಗಿದ್ದರೆ ಬೈದು ಸುಮ್ಮನಾಗುತ್ತಿದ್ದರು. ಇವರು ಗಾಲಿಯಿಂದ ಬಿಚ್ಚಿ ತೆಗೆಯಬಹುದಾದ ಟೈರ್ ಮಾಡಿ 1891ರಲ್ಲಿ ಪೇಟೆಂಟ್ ಪಡೆದರು. ಗಂಟೆಗಟ್ಟಲೆಯ ಕೆಲಸ ನಿಮಿಷಗಳಿಗೆ ಇಳಿಯಿತು. ಅದೇ ವರ್ಷ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸೈಕಲ್ ಪಂದ್ಯವನ್ನು ಅವರ ಟೈರ್ ಹಾಕಿಕೊಂಡ ಶಾರ್ಲ್ ತೆರೋಂ ಗೆದ್ದ. ಅಂದರೆ ಅಷ್ಟು ದೊಡ್ಡ ಟೈರ್ ಕಂಪನಿ ನಿಂತದ್ದು ಒಂದು ಕೆಟ್ಟ ಪಂಕ್ಚರಿನ ಮೇಲೆ.

ಇನ್ನು ನಮ್ಮ 'ಸ್ಟೆಪ್ನಿ'. ಈ ಪದ ಎಲ್ಲಿಂದ ಬಂತು ಅಂತ ಎಂದಾದರೂ ಯೋಚಿಸಿದ್ದೀರಾ? ಮೊದಮೊದಲು ಕಾರುಗಳಿಗೆ ಬಿಡಿ ಚಕ್ರವೇ ಇರುತ್ತಿರಲಿಲ್ಲ. 1904ರಲ್ಲಿ ವೇಲ್ಸಿನ ಲನೆಥ್ಲಿ ಎಂಬ ಊರಿನ ಡೇವಿಸ್ ಸಹೋದರರು ಪಂಕ್ಚರಾದ ಗಾಲಿಯ ಪಕ್ಕಕ್ಕೇ ಬಿಗಿಯುವ, ಟೈರ್ ಕೂರಿಸಿದ ಬಿಡಿ ಬಳೆಯೊಂದನ್ನು ಮಾಡಿದರು. ಅವರ ಕೆಲಸ ನಡೆಯುತ್ತಿದ್ದದ್ದು ಸ್ಟೆಪ್ನಿ ಬೀದಿಯಲ್ಲಿ. ಬ್ರಿಟಿಷರ ನಾಡಿನಲ್ಲಿ ಆ ಹೆಸರು ಮಾಸಿತು. ನಮ್ಮ ಹೆದ್ದಾರಿಗಳಲ್ಲಿ ಮಾತ್ರ ಇವತ್ತಿಗೂ ಪ್ರತಿಯೊಬ್ಬ ಕ್ಲೀನರನ ಬಾಯಲ್ಲೂ ಇದೆ.

ಲಾರಿಗಳು ಮಾತ್ರ ತುಂಬಾ ದಿನ ಗಟ್ಟಿ ರಬ್ಬರ್ ಗಾಲಿಯ ಮೇಲೇ ಓಡಿದವು. ಪಂಕ್ಚರಿನ ಚಿಂತೆಯೇ ಇಲ್ಲ, ಆದರೆ ರಸ್ತೆಯೂ ಸವಾರನ ಸೊಂಟವೂ ಒಟ್ಟಿಗೇ ಹಾಳು! 1917ರಲ್ಲಿ ಗುಡ್‌ಇಯರ್ ಕಂಪನಿ ಅಮೆರಿಕದ ಆಕ್ರಾನ್‌ನಿಂದ ಬಾಸ್ಟನ್‌ಗೆ ಗಾಳಿ ಟೈರಿನ ಲಾರಿ ಕಳಿಸಿತು. ಕೆಟ್ಟ ರಸ್ತೆ, ಒಡೆಯುವ ಟೈರು, ಮೊದಲ ಪ್ರಯಾಣಕ್ಕೆ ವಾರಗಟ್ಟಲೆ ಹಿಡಿಯಿತು. ಆದರೂ ಗಾಳಿ ಟೈರಿನ ಮೇಲೆ ಲಾರಿ ದೂರ ಹೋಗಬಲ್ಲದು ಅಂತ ತೋರಿಸಿಕೊಟ್ಟಿತು.

ಬದಲಿಸುವ ಮಾತೇ ಇಲ್ಲದ ಕಾಲವೂ ಒಂದು ಬಂತು. ಎರಡನೇ ಮಹಾಯುದ್ಧದಲ್ಲಿ ಜಪಾನಿನವರು ಮಲಯ ಮತ್ತು ಡಚ್ಚರ ಈಸ್ಟ್ ಇಂಡೀಸ್ ಹಿಡಿದಾಗ ರಬ್ಬರಿನ ಮೂಲವೇ ಕೈತಪ್ಪಿತು. 1942ರ ಜನವರಿಯಲ್ಲಿ ಅಮೆರಿಕ ತನ್ನ ಜನರಿಗೆ ಮೊದಲು ರೇಷನ್ ಮಾಡಿದ ವಸ್ತು ಯಾವುದು ಗೊತ್ತೇ? ಸಕ್ಕರೆಯಲ್ಲ, ಟೈರು. ಸವೆದ ಟೈರಿಗೆ ಹೊಸ ರಬ್ಬರ್ ಮೆತ್ತಿಸಿ ಓಡಿಸುವುದು ಶ್ರೀಮಂತರಿಗೂ ಅನಿವಾರ್ಯವಾಯಿತು.

ನಮ್ಮ ದೇಶದಲ್ಲಿ 1936ರಲ್ಲೇ ಬಂಗಾಳದ ಸಾಹಾಗಂಜ್‌ನಲ್ಲಿ ಡನ್‌ಲಪ್ ಕಾರ್ಖಾನೆ ಬಂದಿತ್ತು. 1958ರಲ್ಲಿ ಮುಂಬಯಿಯಲ್ಲಿ ಸಿಯೆಟ್ ಶುರುವಾಯಿತು. ನಮ್ಮ ಭಾಂಡುಪ್‌ನಲ್ಲಿ ಇದ್ದವರಿಗೆ ಹೇಳುವುದೇ ಬೇಡ, ಕಾರ್ಖಾನೆಯ ಹೆಸರು ಬಸ್ಸಿನ ಗುರುತಾಗಿಯೇ ಬಾಯಿಗೆ ಬರುತ್ತದೆ. ನಮ್ಮ ಮೈಸೂರಿನ ವಿಕ್ರಾಂತ್ ಲಾರಿಯವರಿಗೆ ಚಿರಪರಿಚಿತ ಹೆಸರು. 1997ರಲ್ಲಿ ಅದು ಜೆಕೆ ಟೈರ್ಸ್ ಕೈ ಸೇರಿತು. ಇವೆಲ್ಲಕ್ಕಿಂತ ನನಗೆ ಸ್ವಾರಸ್ಯ ಅನ್ನಿಸುವುದು ಎಂಆರ್‌ಎಫ್ ಕತೆ. 1946ರಲ್ಲಿ ಮದರಾಸಿನಲ್ಲಿ ಕೆ.ಎಂ. ಮಾಮ್ಮನ್ ಮಾಪಿಳ್ಳೈ ಶುರುಮಾಡಿದ್ದು ಮಕ್ಕಳ ಬಲೂನು. 1952ರಲ್ಲಿ ಮಾಡತೊಡಗಿದ್ದು ಹಳೇ ಟೈರಿಗೆ ಮೆತ್ತುವ ಟ್ರೆಡ್ ರಬ್ಬರು. ಹೊಸ ಟೈರಿಗೆ ಕೈಹಾಕಿದ್ದು 1961ರ ಹೊತ್ತಿಗೆ. ಹೊಸದನ್ನು ಮಾರುವ ಮೊದಲು ಹಳೆಯದನ್ನು ಉಳಿಸುವ ವ್ಯಾಪಾರ!

ಹಾಗೇ ಇತ್ತು ನಮ್ಮ ದೇಶ. ನಾನು ಕೆಲಸಕ್ಕೆ ಸೇರಿದ 1980ರ ಸುಮಾರಿನಲ್ಲಿ ಹೊಸ ಲಾರಿ ಟೈರೆಂದರೆ ಡ್ರೈವರನ ತಿಂಗಳುಗಟ್ಟಲೆ ಸಂಬಳ. ಅದಕ್ಕೇ ಯಾವ ಟೈರನ್ನೂ ಸುಲಭಕ್ಕೆ ಎಸೆಯುತ್ತಿರಲಿಲ್ಲ. ಹೊರಗೆ ನೈಲಾನ್ ಟೈರು, ಒಳಗೆ ಟ್ಯೂಬು, ಟ್ಯೂಬಿಗೂ ರಿಮ್ಮಿಗೂ ನಡುವೆ ಫ್ಲಾಪು. ಟ್ಯೂಬಿನ ತೂತಿಗೆ ಬಿಸಿ ಪ್ಯಾಚು, ಟೈರೇ ಹರಿದಿದ್ದರೆ ಒಳಗಿನಿಂದ 'ಗೇಟರ್', ಅಂದರೆ ದಪ್ಪನೆಯ ತೇಪೆ. ಇದರಲ್ಲಿ ತಪ್ಪೇನೂ ಇಲ್ಲ, ಜಾಗ ನೋಡಿ ಮಾಡಿದರೆ.

ಆ ಜಾಗದ ವಿಷಯ ನಾನು ಕಲಿತದ್ದು ಹೀಗೆ. ಹಿರೇಕೆರೂರು ಕಡೆಯ ನಮ್ಮ ಡ್ರೈವರೊಬ್ಬ ಒಂದು ಸಂಜೆ ಆಫೀಸಿಗೆ ಬಂದು ನಿಂತ. ಮುಂದಿನ ಎಡಗಾಲಿಯ ಟೈರಿನ ಪಕ್ಕೆ ಕಲ್ಲು ತಾಗಿ ಸೀಳಿತ್ತು. "ಸಾಹೇಬ್ರ, ಮುಂದಿನ ಗಾಲಿಗೆ ಗೇಟರ್ ಬ್ಯಾಡ್ರೀ. ಹಿಂದ ಒಂದ್ ಹೋದ್ರ ಬಾಜೂಕ ಇನ್ನೊಂದ ಇರತೈತಿ. ಮುಂದ ಯಾರ ಅದಾರ?" ಅಂದ. ಮಾಲೀಕರನ್ನು ಕೇಳಿದೆ. ಈ ಟ್ರಿಪ್ ಆಗಲಿ, ಆಮೇಲೆ ನೋಡೋಣ ಎಂದರು. ನಾನು ರಿಜಿಸ್ಟರಿನಲ್ಲಿ 'ರಿಪೇರಿ' ಅಂತ ಬರೆದೆ. ಖಂಬಾಟ್ಕಿ ಘಾಟಿನ ಇಳಿಜಾರಿನಲ್ಲಿ ಅದು ಒಡೆಯಿತು. ಲಾರಿ ಗುಡ್ಡಕ್ಕೆ ಗುದ್ದಿ ನಿಂತಿತು, ಪುಣ್ಯಕ್ಕೆ ಕಣಿವೆಯ ಕಡೆ ಹೋಗಲಿಲ್ಲ. ಡ್ರೈವರನ ಎಡಗಾಲು ಮಾತ್ರ ಮತ್ತೆ ಕ್ಲಚ್ ತುಳಿಯುವಂತಾಗಲಿಲ್ಲ. ಹಿಂದಿನ ಗಾಲಿಯದೊಂದು ಒಳ್ಳೆಯ ಟೈರು ಬಿಚ್ಚಿ ಮುಂದಕ್ಕೆ ಹಾಕಿ ಅಂತ ಬರೆದಿದ್ದರೂ ಸಾಕಿತ್ತು. ಖರ್ಚೂ ಇರಲಿಲ್ಲ. ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆ ಸಾಲು ಮಾತ್ರ ನನ್ನ ಅಕ್ಷರದಲ್ಲೇ ಇತ್ತು.

ಆಮೇಲೆ ಕಾಲ ಬದಲಾಯಿತು. 2005ರ ನವೆಂಬರಿನಲ್ಲಿ ಓವರ್‌ಲೋಡ್ ವಿರುದ್ಧ ಸುಪ್ರೀಂ ಕೋರ್ಟಿನ ಆದೇಶ ಬಂತು. ರಸ್ತೆ ಅಗಲವಾಯಿತು, ಉಕ್ಕಿನ ತಂತಿಯ ರೇಡಿಯಲ್ ಟೈರುಗಳು ಬಂದವು, ಟ್ಯೂಬ್‌ಲೆಸ್ ಬಂದವು. ಲೆಕ್ಕದ ನಿಯಮ ಮಾತ್ರ ಹೆಚ್ಚು ಬಿಗಿಯಾಯಿತು. ನೆಲಕ್ಕೆ ತಾಗುವ ಭಾಗದಲ್ಲಿ ಮೊಳೆ ಮಾಡಿದ ಸಣ್ಣ ತೂತು, ಸುಮಾರು 10 ಮಿಲಿಮೀಟರಿನ ಒಳಗಿದ್ದರೆ, ಧಾರಾಳವಾಗಿ ರಿಪೇರಿ ಮಾಡಿಸಬಹುದು. ಆದರೆ ಟೈರ್ ಬಿಚ್ಚಿ, ಒಳಗಿನಿಂದ ಪ್ಯಾಚ್ ಹಾಕಿ, ತೂತನ್ನೂ ತುಂಬಿಸಬೇಕು. ಹೊರಗಿನಿಂದ ಬತ್ತಿ ತುರುಕಿ ಕಳಿಸಿದರೆ ನೀರು ಒಳಗಿಳಿದು ಉಕ್ಕಿನ ತಂತಿ ತುಕ್ಕು ಹಿಡಿಯುತ್ತದೆ. ಪಕ್ಕೆ ಸೀಳಿದ್ದರೆ ರಸ್ತೆ ಬದಿಯ ತೇಪೆಯ ಮಾತು ಬೇಡ. ಹೂವು ಸವೆದು 1.6 ಮಿಲಿಮೀಟರಿಗಿಂತ ಕಡಿಮೆ ಉಳಿದಿದ್ದರೆ ಕಾನೂನಿನ ಪ್ರಕಾರವೇ ಆ ಟೈರು ಹಾಗೇ ರಸ್ತೆಗೆ ಇಳಿಯುವಂತಿಲ್ಲ. ಒಡಲು ಗಟ್ಟಿಯಿದ್ದರೆ ರಿಮೋಲ್ಡ್ ಮಾಡಿಸಿ ಹಿಂದಕ್ಕೆ ಹಾಕಬಹುದು. ಎಲ್ಲಕ್ಕಿಂತ ಮುಖ್ಯ, ಗಾಳಿಯಿಲ್ಲದೆ ಎಷ್ಟು ದೂರ ಓಡಿತು ಅನ್ನುವುದು. ಹಾಗೆ ಓಡಿದ ಟೈರಿನ ಪಕ್ಕೆಯ ತಂತಿಗಳು ಒಳಗೇ ಮುರಿದಿರುತ್ತವೆ, ಹೊರಗೆ ಕಾಣುವುದಿಲ್ಲ. ಮತ್ತೆ ಗಾಳಿ ತುಂಬುವಾಗ ಜಿಪ್ ಬಿಚ್ಚಿದ ಹಾಗೆ ಸಿಡಿದು ಎದುರಿಗಿದ್ದವನನ್ನೇ ಬಲಿ ತೆಗೆದುಕೊಳ್ಳಬಹುದು. ಅದಕ್ಕೇ ಗಾಳಿ ತುಂಬಲು ಕಬ್ಬಿಣದ ಪಂಜರ ಇರಬೇಕು ಅನ್ನುವುದು.

ಕರಾಡದ ಅಂಗಡಿಗೆ ವಾಪಸ್ ಬರೋಣ. ನಾನು ಹೋಗಿ ಡ್ರೈವರನನ್ನು ಕೇಳಿದೆ. "ಯಾವ ಗಾಲಿ ತಮ್ಮಾ?"

"ಹಿಂದಿಂದ್ರಿ, ಹೊರಗಿಂದು."

"ಗಾಳಿ ಹೋದ ಮ್ಯಾಲ ಎಷ್ಟ ದೂರ ಓಡಿಸಿದಿ?"

"ಇಲ್ರೀ ಕಾಕಾ, ಬರೂ ಮುಂದ ರಾಡಿನಿಂದ ಬಡದ ನೋಡಿದ್ದೆ, ಬರೋಬ್ಬರಿ ಇತ್ತು. ಇಲ್ಲಿ ಚಾ ಕುಡದ ಬರೂದ್ರಾಗ ಕೂತಿತ್ತು."

ಅಂಗಡಿಯ ಹುಡುಗ ಟೈರ್ ಬಿಚ್ಚಿ, ಒಳಗೆ ಲೈಟ್ ಹಿಡಿದು, ಅಂಗೈಯಿಂದ ಸುತ್ತಲೂ ಸವರಿ ನೋಡಿದ. ಎಲ್ಲೂ ಉಬ್ಬಿಲ್ಲ, ಸುಕ್ಕಿಲ್ಲ, ಉದುರಿದ ರಬ್ಬರ್ ಪುಡಿಯಿಲ್ಲ. ಮೊಳೆ ನಟ್ಟ ನಡುವೆ ಹೊಕ್ಕಿತ್ತು. ಒಳಗಿನಿಂದ ಪ್ಯಾಚ್ ಹಾಕಿಕೊಟ್ಟ. ಹೊಸ ಟೈರಿನ ಖರ್ಚು ಉಳಿಯಿತೆಂದು ಸಾವ್ಕಾರರಿಗೂ ಸಮಾಧಾನ ಆಗಿರಬೇಕು.

ನಾನು ಮಾತ್ರ ಹೊರಡುವ ಮುಂಚೆ ಆ ಲಾರಿಯ ಮುಂದಿನ ಎರಡೂ ಗಾಲಿಗಳನ್ನು ಒಂದು ಸುತ್ತು ಬಗ್ಗಿ ನೋಡಿದೆ. ಹೆಂಡತಿ ಕಾರಿನಿಂದ ಹಾರ್ನ್ ಹೊಡೆಯುತ್ತಿದ್ದಳು. ಎರಡೂ ಹೊಸವೇ ಇದ್ದವು. ಬಂದು ಕಾರು ಹತ್ತಿದೆ.